ತೂಕ ನಿಲ್ಲದ ಮಾಲು

ಜೂನ್ ೪

ಅಖಂಡ ಬೀಗಲೋಕದ ಒಡತಿಯೂ, ಹಿತ್ತಾಳೆ ಕೀಲಿಗಳ ಹಲ್ಲು ಕಡೆಯುವುದರಲ್ಲಿ ಅದ್ವಿತೀಯಳೂ, ಅರ ಹಿಡಿದರೆ ಕಬ್ಬಿಣವೂ ಕಣ್ಣೀರಿಡುವಂಥವಳೂ, ನನ್ನ ಜಡೆ ಎಳೆಯುವ ಪರಮಾಧಿಕಾರವನ್ನು ಹುಟ್ಟಿನಿಂದಲೇ ಪಡೆದು ಬಂದವಳೂ ಆದ ಮಹಾಮಹಿಮ ಅಕ್ಕಯ್ಯನವರ ದಿವ್ಯ ಸನ್ನಿಧಿಗೆ,

ತಮ್ಮ ಅಂಗಾಲಿಗೆ ಮೆತ್ತಿದ ಹಿತ್ತಾಳೆ ಪುಡಿಗೆ ಸಮಾನಳಾದ ತಂಗಿ ಚಿಲಕ ಮಾಡುವ ವಿಜ್ಞಾಪನೆ ಏನೆಂದರೆ, ನಾನು ಬದುಕಿದ್ದೇನೆ. ಸದ್ಯಕ್ಕೆ.

ಅಧಿಕಾರಿಗಳ ಜೀಪು ಬೀಗದ ಕಾರ್ಖಾನೆಯ ಎದುರು ಬಂದು ನಿಂತ ದಿನ ಏನಾಯಿತೆಂದು ತಮಗೆ ನೆನಪಿಸಬೇಕಾಗಿಲ್ಲ. ಆದರೂ ದೂರು ದಾಖಲಾಗಲಿ. ಕನ್ನಡಕದ ಮೇಡಂ, "ವಯಸ್ಸೆಷ್ಟಮ್ಮಾ?" ಅಂದರು. ಹದಿನೈದು ವರ್ಷದ ನೀನು ಯಜಮಾನರು ಕಲಿಸಿದ ಪಾಠವನ್ನು ಗಿಳಿಯ ಹಾಗೆ ಒಪ್ಪಿಸಿದೆ. "ಹತ್ತೊಂಬತ್ತು."

"ಈ ಹುಡುಗಿ ನಿನಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

ಆಮೇಲೆ ನನ್ನ ಕಡೆ ಒಂದು ನೋಟ ಬಿಟ್ಟೆ. ಬಾಯಿ ತೆರೆದರೆ ಹಲ್ಲು ಉದುರಿಸುತ್ತೇನೆ ಎಂಬ ಆ ನೋಟ ನನ್ನ ಹಳೆಯ ನೆಂಟ. ನಾನು ತೆಪ್ಪಗಾದೆ. ನಮ್ಮನ್ನು ಎಂಟು ಜನರನ್ನು ಜೀಪು ಹತ್ತಿಸಿದರು. ನೀನು ಬಾಗಿಲಲ್ಲಿ ನಿಂತು ಕೀಲಿ ಉಜ್ಜುತ್ತಲೇ ಇದ್ದೆ. ಯಾರ ಮನೆ ಬೀಗದ್ದೋ, ಅಷ್ಟೊಂದು ಅವಸರ.

ಈಗ ನಾನಿರುವುದು ಸರ್ಕಾರದ ಪುನರ್ವಸತಿ ಕೇಂದ್ರದಲ್ಲಿ. ನಾಲ್ಕು ಅಂತಸ್ತು, ಹಳದಿ ಗೋಡೆ, ಮೆಟ್ಟಿಲ ಮೇಲೆ ಫಿನಾಯಿಲ್ ವಾಸನೆ. ಇಲ್ಲಿ ಏನೋ ನಡೆಯುತ್ತಿದೆ ಅಕ್ಕ. ಮಂಚ ಕೊಟ್ಟರು. ಎರಡು ಜೊತೆ ಬಟ್ಟೆ ಕೊಟ್ಟರು. ಸೋಪು ಕೊಟ್ಟರು, ಅದೂ ಇಡೀ ಸೋಪು. ಬೆಳಿಗ್ಗೆ ಒಬ್ಬ ಮೇಷ್ಟ್ರು ಬಂದು, ಬಿಟ್ಟುಹೋದ ತರಗತಿಗಳನ್ನೆಲ್ಲ ಕಲಿಸಿ ವರ್ಷದೊಳಗೆ ದೊಡ್ಡ ಶಾಲೆಗೆ ಸೇರಿಸುತ್ತೇವೆ ಅನ್ನುತ್ತಾರೆ. ಯಾಕೆ ಸ್ವಾಮಿ, ನಾವು ನಿಮಗೇನು ಮಾಡಿದ್ದೇವೆ ಎಂದು ಕೇಳಿದರೆ ನಗುತ್ತಾರೆ. ನಗುವವರನ್ನು ನಂಬಬೇಡ ಎಂದು ನೀನೇ ಹೇಳಿದ್ದೆ.

ಇನ್ನೊಂದು. ರಾತ್ರಿ ಗೇಟಿಗೆ ಬೀಗವಿಲ್ಲ. ಒಳಗಡೆಯಿಂದ ಅಗುಳಿ ಮಾತ್ರ. ನಾಲ್ಕು ವರ್ಷ ಬೀಗ ಮಾಡಿದ ನಮಗೆ ಇದು ಅವಮಾನ ತಾನೇ?

ಎಲ್ಲಕ್ಕಿಂತ ಭಯಂಕರವಾದದ್ದು ಕೊನೆಗೆ ಹೇಳುತ್ತೇನೆ. ಬಂದ ಮಾರನೆಯ ದಿನ ನರ್ಸಮ್ಮ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ತೂಕದ ಯಂತ್ರ ಹತ್ತಿಸಿ, ಬರೆದುಕೊಂಡರು. ಇನ್ನು ಪ್ರತಿ ತಿಂಗಳೂ ತೂಗುತ್ತಾರಂತೆ. ನಮ್ಮಲ್ಲಿ ಬೆಳಿಗ್ಗೆ ಹಿತ್ತಾಳೆ ತೂಗಿ ಕೊಟ್ಟು, ಸಂಜೆ ಕೀಲಿಯನ್ನೂ ಪುಡಿಯನ್ನೂ ತೂಗಿ ವಾಪಸು ಪಡೆಯುತ್ತಿದ್ದರಲ್ಲ, ಚೂರು ಕಮ್ಮಿ ಬಂದರೆ ನಮ್ಮ ಜೇಬು, ಜಡೆ, ಬಾಯಿಯನ್ನೆಲ್ಲ ತಡಕುತ್ತಿದ್ದರಲ್ಲ, ಅದೇ ನೆನಪಾಯಿತು.

ಈ ಪತ್ರವನ್ನು ಕಾರ್ಖಾನೆ ಎದುರಿನ ಚಹಾದಂಗಡಿ ಮಾಮನ ವಿಳಾಸಕ್ಕೆ ಹಾಕುತ್ತಿದ್ದೇನೆ. ಚಹಾ ತರುವಾಗ ತಟ್ಟೆಯ ಕೆಳಗಿಟ್ಟು ತಂದಾನು. ಆದರೆ ಉತ್ತರ ಬರೆದವಳು ನೀನೇ ಎಂದು ನಂಬುವುದು ಹೇಗೆ? ಯಜಮಾನರು ಹೇಳಿ ಬರೆಸಿದ್ದರೆ? ಆದ್ದರಿಂದ ನಮಗಿಬ್ಬರಿಗೇ ಗೊತ್ತಿರುವ ಒಂದು ಗುಟ್ಟನ್ನು ಬರೆಯತಕ್ಕದ್ದು. ಉದಾಹರಣೆಗೆ, ನಮ್ಮ ಕೋಣೆಗೆ ರಾತ್ರಿ ಹೊರಗಿನಿಂದ ಹಾಕುತ್ತಿದ್ದ ಬೀಗದ ಗುಟ್ಟು.

ಇತಿ ತಮ್ಮ ಏನೂ ಆಗಬೇಕಿಲ್ಲದ,
ಚಿಲಕ


ಜೂನ್ ೧೯

ಚಿಲಕ,

ಬೀಗದ ಗುಟ್ಟನ್ನು ಕಾಗದದಲ್ಲಿ ಬರಿ ಅನ್ನುವ ಬುದ್ಧಿ ನಿನ್ನನ್ನು ಬಿಟ್ಟು ಇನ್ಯಾರಿಗೂ ಬರಲು ಸಾಧ್ಯವಿಲ್ಲ. ಆದ್ದರಿಂದ ಬರೆದವಳು ನೀನೇ ಎಂದು ಒಪ್ಪಿದೆ. ಬರೆಸಿದವರು ಯಾರು ಎನ್ನುವುದು ಬೇರೆ ಮಾತು.

ನನ್ನ ಗುರುತಿಗೆ ಇದು ಸಾಕು. ನೀನು ಚಿಕ್ಕಮ್ಮನ ಮನೆಯಲ್ಲಿ ಕೋಟಿನ ಗುಂಡಿ ನುಂಗಿ, ಅದು ಹೊರಗೆ ಬರುವ ತನಕ ನನ್ನೊಬ್ಬಳ ಮುಂದೆ ಉಯಿಲು ಹೇಳಿದ್ದೆ. ನಿನ್ನ ಗೋಲಿಗಳನ್ನೆಲ್ಲ ನನಗೆ ಬಿಟ್ಟುಕೊಟ್ಟಿದ್ದೆ. ಆಮೇಲೆ ವಾಪಸು ಕಿತ್ತುಕೊಂಡೆ.

ನಾನು ಹತ್ತೊಂಬತ್ತು ಅಂದದ್ದಕ್ಕೆ ನಿನ್ನ ಮೂದಲಿಕೆ ಬೇಕಿಲ್ಲ. ಜೀಪಿನಲ್ಲಿ ಎಲ್ಲಿಗೆ ಒಯ್ಯುತ್ತಾರೆ ಎಂದು ನಿನಗೆ ಗೊತ್ತಿತ್ತಾ? ಇಬ್ಬರೂ ಒಂದೇ ಗುಂಡಿಗೆ ಬೀಳುವುದು ಬೇಡ ಎಂದುಕೊಂಡೆ. ಒಬ್ಬಳು ಹೊರಗಿದ್ದರೆ ಇನ್ನೊಬ್ಬಳನ್ನು ಹುಡುಕಬಹುದು. ನನ್ನ ನಿಜವಾದ ವಯಸ್ಸು ನಿನ್ನ ಬಾಯಿಂದ ಬಿದ್ದರೆ ಮಾತ್ರ, ನನಗೆ ತಂಗಿಯೇ ಇಲ್ಲ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ. ಯಜಮಾನರು ನನ್ನ ಹೆಸರಿನಲ್ಲಿ ಗುರುತಿನ ಚೀಟಿಯನ್ನೂ ಮಾಡಿಸಿಟ್ಟಿದ್ದಾರೆ. ಅದರಲ್ಲಿರುವ ಫೋಟೋ ನನ್ನಂತೆ ಇಲ್ಲ, ಆದರೆ ವಯಸ್ಸು ಹತ್ತೊಂಬತ್ತೇ.

ತೂಕ ಹಾಕುತ್ತಾರೆ ಅಂದೆಯಲ್ಲ. ತೂಗಿದ್ದನ್ನು ಮಾರದೆ ಬಿಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ. ಗುಜರಿಯವನಿಗೆ ನಾವು ಮಾಡುತ್ತಿದ್ದದ್ದನ್ನೇ ಮಾಡು. ಒಂದು ಸಲ ಭಾರ, ಒಂದು ಸಲ ಹಗುರ. ತೂಕ ನಿಲ್ಲದ ಮಾಲನ್ನು ಯಾರೂ ಕೊಳ್ಳುವುದಿಲ್ಲ. ಆ ದಿನ ಪರೀಕ್ಷೆ ಮಾಡಲೆಂದು ನೀನು ತೆಗೆದುಕೊಂಡಿದ್ದ ಎರಡು ದಪ್ಪ ಅಂಗಡಿ ಬೀಗಗಳು ನಿನ್ನ ಲಂಗದ ಜೇಬಿನಲ್ಲೇ ಹೋದವು. ಇಲ್ಲಿ ಅದಕ್ಕೆ ನಾನು ಬೈಸಿಕೊಂಡೆ. ಉಪಯೋಗಿಸು.

ಕೊಟ್ಟದ್ದನ್ನೆಲ್ಲ ತಿನ್ನಬೇಡ.

ಅಕ್ಕ


ಜುಲೈ ೧೦

ಉಪಾಯಸಾಗರ ಅಕ್ಕಯ್ಯನವರಿಗೆ, ರಣರಂಗದಿಂದ ಚಿಲಕ ಸಲ್ಲಿಸುವ ವಿಜಯವಾರ್ತೆ.

ಜುಲೈ ಒಂದರಂದು ಎರಡೂ ಬೀಗಗಳನ್ನು ಒಳಲಂಗದ ಲಾಡಿಗೆ ಕಟ್ಟಿಕೊಂಡು ಯಂತ್ರ ಹತ್ತಿದೆ. ಮುಳ್ಳು ಎದ್ದು ಕುಣಿಯಿತು. ನಾನು ಆಕಾಶ ನೋಡುತ್ತಾ, ದೇಶಕ್ಕಾಗಿ ಪ್ರಾಣ ಕೊಡುವವಳ ಮುಖ ಮಾಡಿಕೊಂಡು ನಿಂತೆ. ಉಳಿದ ಏಳು ಜನರಿಗೂ ವಿದ್ಯೆ ಹೇಳಿಕೊಟ್ಟಿದ್ದೇನೆ. ಅವರೂ ಅಂದು ಜೇಬಿಗೆ ಕಲ್ಲು ತುಂಬಿಕೊಂಡೇ ಹತ್ತಿದರು, ಹಿತ್ತಲಿನ ಜಲ್ಲಿಕಲ್ಲು ಖಾಲಿಯಾಗಿದೆ. ಮುಂದಿನ ತಿಂಗಳು ಎಲ್ಲರೂ ಬರಿಜೇಬಿನಲ್ಲಿ ಹತ್ತುತ್ತೇವೆ. ಆಗ ನೋಡಬೇಕು ಕೊಳ್ಳುವವರ ಮುಖ.

ಇಲ್ಲಿನ ಒಳಸಂಚು ದಿನೇ ದಿನೇ ಆಳವಾಗುತ್ತಿದೆ. ಮೊನ್ನೆ ಕನ್ನಡಕದ ಮೇಡಂ ಬಂದು ನನ್ನ ಹೆಸರಿನ ಬ್ಯಾಂಕ್ ಪುಸ್ತಕವನ್ನು ತೋರಿಸಿದರು. ತಿಂಗಳು ತಿಂಗಳು ಸರ್ಕಾರ ಅದಕ್ಕೆ ದುಡ್ಡು ಹಾಕುತ್ತದಂತೆ.

"ಯಾರ ದುಡ್ಡು?" ಅಂದೆ.

"ನಿಂದೇ."

"ಹಾಗಾದ್ರೆ ಕೊಡಿ."

"ದೊಡ್ಡವಳಾದ್ಮೇಲೆ."

"ನೋಡಿದ್ರಾ," ಅಂದೆ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮೇಷ್ಟ್ರ ಮೇಲೂ ಕಣ್ಣಿಟ್ಟಿದ್ದೇನೆ. ಲೆಕ್ಕ ತಪ್ಪಿದರೆ ಹೊಡೆಯುವುದಿಲ್ಲ. "ಇನ್ನೊಂದ್ಸಲ ಮಾಡು" ಅನ್ನುತ್ತಾರೆ. ಮತ್ತೆ ತಪ್ಪಿದರೆ ಮತ್ತೆ ಅದೇ ಮಾತು. ಎಷ್ಟು ತಪ್ಪಿದರೆ ಹೊಡೆಯುತ್ತಾರೆ ಎಂದು ತಿಳಿಯಲು ಒಂದು ವಾರ ಬೇಕೆಂದೇ ತಪ್ಪು ಮಾಡಿದೆ. ಕೊನೆಗೆ ಬೇಜಾರಾಗಿ ಸರಿ ಮಾಡಿದೆ. ಅಡುಗೆ ತಾತನೂ ಹಾಗೆಯೇ. ಕಿವಿ ಸ್ವಲ್ಪ ಮಂದ, ಮೀಸೆ ಬಲು ದಪ್ಪ. ಮೊಟ್ಟೆ ಇನ್ನೊಂದು ಬೇಕು ಅಂದರೆ ಕೇಳಿಸುತ್ತದೆ, ಸಾಕು ಅಂದರೆ ಕೇಳಿಸುವುದಿಲ್ಲ. ಇಂಥ ಕಿವಿಯನ್ನು ನಂಬುವುದು ಹೇಗೆ?

ನಿನ್ನ ಕೆಮ್ಮು ಹೇಗಿದೆ? ಪಾಲಿಶ್ ಯಂತ್ರದ ಹತ್ತಿರ ಈಗ ಯಾರು ಕೂರುತ್ತಾರೆ?

ಇತಿ ಶತ್ರುಶಿಬಿರದಲ್ಲಿ ಒಬ್ಬಂಟಿಯಾಗಿ ಹೋರಾಡುತ್ತಿರುವ,
ಚಿಲಕ


ಜುಲೈ ೨೨

ಚಿಲಕ,

ನಿನ್ನ ಅಕ್ಷರ ದುಂಡಗಾಗಿದೆ. ಇದು ಹೊಟ್ಟೆ ತುಂಬಿದವರ ಅಕ್ಷರ.

ತಿನ್ನಬೇಡ ಅಂದಿದ್ದೆ. ನೀನು ಇನ್ನೊಂದು ಮೊಟ್ಟೆ ಕೇಳುತ್ತಿದ್ದೀಯ. ಹೀಗೆಯೇ ಒಂದು ದಿನ, "ಬಾ ಅಕ್ಕ, ಇಲ್ಲಿ ಬಹಳ ಚೆನ್ನಾಗಿದೆ" ಎಂದು ಬರೆಯುತ್ತೀಯ. ಅಂಥ ಕಾಗದ ಬಂದ ದಿನ ಅದನ್ನು ಬರೆದವಳು ನೀನಲ್ಲ ಎಂದು ತಿಳಿಯುತ್ತೇನೆ. ನಮ್ಮನ್ನು ಇಲ್ಲಿಗೆ ಕರೆತಂದವನೂ ಚಿಕ್ಕಮ್ಮನ ಎದುರು ಇದನ್ನೇ ಹೇಳಿದ್ದ. ಅಲ್ಲಿ ಬಹಳ ಚೆನ್ನಾಗಿರುತ್ತೆ, ಎರಡು ಹೊತ್ತು ಊಟ, ಹಬೆಯಾಡೋ ಹಾಲು. ನೀನು ಹಾಲಿನ ಮಾತು ಕೇಳಿ ಚಪ್ಪಲಿ ಹಾಕಿಕೊಳ್ಳಲೂ ಮರೆತು ಹೊರಟಿದ್ದೆ.

ಪಾಲಿಶ್ ಯಂತ್ರಕ್ಕೆ ಈಗ ನಾನೇ. ನೀವು ಎಂಟು ಜನ ಹೋದ ಮೇಲೆ ಇನ್ಯಾರಿದ್ದಾರೆ. ಕೆಮ್ಮು ಇದೆ. ಸಂಜೆ ಉಗುಳಿದರೆ ಹಸಿರು.

ಯಜಮಾನರಿಗೆ ಭಯ ಹತ್ತಿದೆ. ಆಗಸ್ಟ್ ಮುಗಿಯುವುದರೊಳಗೆ ಯಂತ್ರಗಳನ್ನು ಲಾರಿಗೆ ಹಾಕಿ ಬೇರೆ ಕಡೆ ಹೋಗುತ್ತಾರೆ. ಎಲ್ಲಿಗೆ ಎಂದು ಹೇಳುತ್ತಿಲ್ಲ. ನನ್ನನ್ನೂ ಒಯ್ಯುತ್ತಾರೆ. ಅಲ್ಲಿ ಎದುರಿಗೆ ಚಹಾದಂಗಡಿ ಇರುತ್ತದೋ ಇಲ್ಲವೋ.

ನಮ್ಮ ಕೋಣೆಗೆ ಈಗಲೂ ಆ ಕೆಟ್ಟ ಬೀಗವನ್ನೇ ಹಾಕುತ್ತಾರೆ. ಪರೀಕ್ಷೆಯಲ್ಲಿ ಬಿದ್ದು ಮಾರಾಟವಾಗದೆ ಉಳಿದದ್ದು. ಅದನ್ನು ತೆರೆಯುವುದು ನನಗೊಂದು ಲೆಕ್ಕವೇ? ಆದರೆ ತೆರೆದು ಎಲ್ಲಿಗೆ ಹೋಗಲಿ?

ತಿಂಗಳ ತೂಕ ಏನಾಯಿತು ಬರಿ. ನಗಿಸಬೇಡ, ನಡೆದದ್ದು ಬರಿ.

ಅಕ್ಕ


ಆಗಸ್ಟ್ ೯

ಅಕ್ಕ,

ಈ ಸಲ ಬಿರುದುಗಳಿಲ್ಲ. ಅನಾಹುತವಾಗಿದೆ.

ಒಂದನೇ ತಾರೀಖು ಎಲ್ಲರೂ ಬರಿಜೇಬಿನಲ್ಲಿ ತೂಗಿಸಿಕೊಂಡೆವು. ಎಂಟು ಮಕ್ಕಳೂ ಒಂದೇ ತಿಂಗಳಲ್ಲಿ ಕಿಲೋಗಟ್ಟಲೆ ಇಳಿದುಹೋಗಿದ್ದೇವೆ. ನರ್ಸಮ್ಮನ ಮುಖ ಬಿಳಿಚಿತು. ಮೇಲಿನ ಕಚೇರಿಗೆ ಫೋನು ಹೋಯಿತು. ಮೂರನೇ ದಿನ ಇಬ್ಬರು ಸಾಹೇಬರು ಬಂದಿಳಿದರು. ಒಬ್ಬರು ತೆಳ್ಳಗೆ, ಒಬ್ಬರು ದಪ್ಪಗೆ. ಇವರೇ ಕೊಳ್ಳುವವರು ಎಂದುಕೊಂಡು ನಾನು ಕೊನೆಯ ಸಾಲಿಗೆ ಸರಿದು, ಕೆನ್ನೆ ಒಳಗೆಳೆದುಕೊಂಡು, ರೋಗಿಷ್ಠಳಂತೆ ನಿಂತೆ. ಅವರು ನಮ್ಮನ್ನು ನೋಡಲೇ ಇಲ್ಲ. ಸೀದಾ ಅಡುಗೆಮನೆಗೆ ಹೋದರು.

"ಮಕ್ಕಳ ತೂಕ ಎಲ್ಲಿ ಹೋಯ್ತು?" ದಪ್ಪ ಸಾಹೇಬರು ಕೇಳಿದರು.

"ನಾನೇನು ತಿಂದ್ನಾ ಸಾರ್?" ಅಡುಗೆ ತಾತ.

"ಅದನ್ನೇ ಕೇಳ್ತಿರೋದು."

ಅಕ್ಕಿಯ ಡಬ್ಬ ತೆಗೆಸಿದರು. ಬೇಳೆ ಅಳೆಸಿದರು. ಹಾಲನ್ನು ಬೆರಳಿಗೆ ಹಚ್ಚಿ ನೋಡಿದರು. ಕೊನೆಗೆ ತಾತ ಮನೆಗೊಯ್ಯುವ ಚೀಲವನ್ನು ಎಲ್ಲರೆದುರು ಬಗ್ಗಿಸಿದರು. ಒಂದು ಕೊಡೆ, ಒಂದು ಕನ್ನಡಕದ ಡಬ್ಬಿ, ಮೊಮ್ಮಗಳಿಗೆಂದು ಇಟ್ಟುಕೊಂಡ ಬಣ್ಣದ ರಿಬ್ಬನ್ನು. ಅಷ್ಟೇ ಇದ್ದದ್ದು. ತಾತ ರಿಬ್ಬನ್ನನ್ನು ನೆಲದಿಂದ ಹೆಕ್ಕಿ ಬೆರಳಿಗೆ ಸುತ್ತಿಕೊಂಡು ನಿಂತರು. ಮೀಸೆ ಅದುರುತ್ತಿತ್ತು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರುವುದು ಬೇಡ ಅಂದರು. ಮಕ್ಕಳಿಗೆಂದು ಕೊಟ್ಟ ಅನ್ನ ಮಕ್ಕಳ ಹೊಟ್ಟೆಗೆ ಹೋಗದಿದ್ದರೆ ಜೈಲು ಎಂದು ದಪ್ಪ ಸಾಹೇಬರು ಕೂಗಿದ್ದು ಬೀದಿಯ ತನಕ ಕೇಳಿಸಿತು.

ವಿಚಿತ್ರವೆಂದರೆ ನಮ್ಮ ಜೇಬನ್ನು ಯಾರೂ ತಡಕಲಿಲ್ಲ. ಬಾಯಿ ತೆರೆ ಎನ್ನಲಿಲ್ಲ. ತೂಕ ಕಮ್ಮಿ ಬಂದದ್ದು ನಮ್ಮಲ್ಲಿ, ಬೈಸಿಕೊಂಡದ್ದು ತಾತ. ಬದಲಿಗೆ ತೆಳ್ಳಗಿನ ಸಾಹೇಬರು ಹೋಗುವಾಗ ನನ್ನ ಎದುರು ಕುಕ್ಕರಗಾಲಲ್ಲಿ ಕೂತು, "ಹಸಿವಾಗುತ್ತಾ ಪುಟ್ಟಿ? ಯಾರಿಗೂ ಹೆದರ್ಬೇಡ, ಹೇಳು," ಅಂದರು. ಪುಟ್ಟಿ ಅಂತೆ! ನನಗೆ, ಅಕ್ಕ!

ಏನು ಮಾಡಲಿ? ಬೀಗದ ವಿಷಯ ಹೇಳಿದರೆ ನಮ್ಮ ಉಪಾಯ ಬಯಲು. ಹೇಳದಿದ್ದರೆ ತಾತನ ಕೆಲಸ ಹೋಗುತ್ತದೆ. ಉಪಾಯ ನಿನ್ನದು, ಅಪ್ಪಣೆಯೂ ನಿನ್ನದೇ ಆಗಲಿ. ಬೇಗ ಬರಿ.

ಚಿಲಕ


ಆಗಸ್ಟ್ ೧೩

ಚಿಲಕ,

ಇವತ್ತೇ ಹೋಗಿ ಹೇಳು. ಮುದುಕರ ಮೀಸೆ ಅದುರುವಂತೆ ಮಾಡಿದೆವಲ್ಲೇ.

ನಿನ್ನ ಕಾಗದ ಓದಿ ಪಾಲಿಶ್ ಯಂತ್ರದ ಮುಂದೆ ಕೂತಿದ್ದೆ. ಕೈ ನಡೆಯುತ್ತಿತ್ತು, ತಲೆ ನಿಂತುಹೋಗಿತ್ತು. ಇಲ್ಲಿ ಪುಡಿ ಕಮ್ಮಿಯಾದಾಗ ಯಜಮಾನರು ಹಿತ್ತಾಳೆಗೆ ಏನಾಯಿತು ಎಂದು ಕೇಳುತ್ತಿದ್ದರೇ ಹೊರತು ನಮಗೆ ಏನಾಯಿತು ಎಂದು ಎಂದೂ ಕೇಳಿದವರಲ್ಲ. ನಿನ್ನ ಹೆಬ್ಬೆರಳು ಅರಕ್ಕೆ ಸಿಕ್ಕಿ ಮಾಂಸ ಕಿತ್ತು ಬಂದ ದಿನವೂ ಮೊದಲು ಕೀಲಿ ಕೆಟ್ಟಿತಾ ಎಂದೇ ನೋಡಿದರು.

ಮಾರುವವರು ತೂಕ ಇಳಿದರೆ ಮಾಲನ್ನು ಬೈಯುತ್ತಾರೆ ಕಣೇ. ಇವರು ಅಡುಗೆಯವರನ್ನು ಬೈದಿದ್ದಾರೆ. ಮಾಲಿನ ಎದುರು ಯಾರಾದರೂ ಕುಕ್ಕರಗಾಲಲ್ಲಿ ಕೂತು ಹಸಿವಾಗುತ್ತಾ ಎಂದು ಕೇಳುತ್ತಾರಾ? ಅವರು ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಡೆಯುತ್ತಿರುವುದು ಮಾರಾಟವಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಬೇರೇನು ಎಂದು ನನಗೆ ಗೊತ್ತಿಲ್ಲ. ಬಂದು ನೋಡಬೇಕು.

ಲಾರಿಗೆ ಹೇಳಿಯಾಗಿದೆ. ಇಪ್ಪತ್ತರ ನಂತರ ಯಾವ ದಿನವಾದರೂ ಬರಬಹುದು. ಕನ್ನಡಕದ ಮೇಡಂಗೆ ನನ್ನ ನಿಜವಾದ ವಯಸ್ಸು ಹೇಳು. ನಾನು ನಿನಗೆ ಏನಾಗಬೇಕು ಎನ್ನುವುದನ್ನೂ ಹೇಳು. ಅವರು ಬಂದು ಕೇಳಿದರೆ ಈ ಸಲ ಸರಿಯಾಗಿ ಉತ್ತರ ಕೊಡುತ್ತೇನೆ.

ಆ ಅಡುಗೆಯವರ ಕ್ಷಮೆಯನ್ನು ನಾನೇ ಕೇಳುತ್ತೇನೆ. ಅಲ್ಲಿಯ ತನಕ ಅವರ ಕೆಲಸ ಉಳಿಸು.

ಅಕ್ಕ


ಆಗಸ್ಟ್ ೧೬

ಮಕ್ಕಳ ರಕ್ಷಣೆಯ ಘನ ಕಚೇರಿಯ ಕನ್ನಡಕದ ಮೇಡಂ ಅವರ ಸಮಕ್ಷಮಕ್ಕೆ,

ಪುನರ್ವಸತಿ ಕೇಂದ್ರದ ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚದ ನಿವಾಸಿ ಚಿಲಕ ಮಾಡಿಕೊಳ್ಳುವ ಅರ್ಜಿ.

ಮೇಡಂ, ಜೂನ್ ತಿಂಗಳಲ್ಲಿ ತಾವು ಬೀಗದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹೆಂಗಸನ್ನು ಬಿಟ್ಟು ಬಂದಿರಿ. ಅವಳು ಹೆಂಗಸಲ್ಲ, ನನ್ನ ಅಕ್ಕ. ನನಗೆ ಹದಿಮೂರು ಎಂದು ತಮ್ಮ ವೈದ್ಯರೇ ಬರೆದಿದ್ದಾರೆ. ಅವಳು ನನಗಿಂತ ಎರಡೇ ವರ್ಷ ದೊಡ್ಡವಳು. ಅವಳಿಗೆ ಹತ್ತೊಂಬತ್ತಾದರೆ ನನಗೆ ಹದಿನೇಳಾಗಬೇಕು. ಆಗ ನನ್ನನ್ನು ದಯವಿಟ್ಟು ಈ ಚಿಕ್ಕ ಬೆಂಚಿನಿಂದ ಎಬ್ಬಿಸಿ. ಗುರುತಿನ ಚೀಟಿ ತೋರಿಸಿದರೆ ನಂಬಬೇಡಿ, ಅದರಲ್ಲಿರುವ ಫೋಟೋ ಬೇರೆ ಯಾರದೋ. ನಾವಿಬ್ಬರೂ ಓದಿದ ಶಾಲೆಯಲ್ಲಿ ಅವಳ ಹುಟ್ಟಿದ ದಿನ ಬರೆದಿರುತ್ತದೆ. ಶಾಲೆಯ ವಿಳಾಸವನ್ನು ಹಿಂಬದಿ ಬರೆದಿದ್ದೇನೆ.

ಇಪ್ಪತ್ತನೇ ತಾರೀಖಿನೊಳಗೆ ಹೋಗಬೇಕು. ಆಮೇಲೆ ಹೋದರೆ ಖಾಲಿ ಗೋಡೆ ಸಿಗುತ್ತದೆ.

ಅವಳು ತಮ್ಮನ್ನು ನಂಬುವುದಿಲ್ಲ. ನೀರು ಕೊಟ್ಟರೆ ಮೊದಲು ನೀವು ಕುಡಿಯಿರಿ ಅನ್ನುತ್ತಾಳೆ. ಬೇಸರ ಮಾಡಿಕೊಳ್ಳದೆ ಕುಡಿಯಿರಿ. ಮತ್ತೆ, ತೂಕದ ಯಂತ್ರ ಹತ್ತಿಸುವ ಮುಂಚೆ ಯಾಕೆ ತೂಗುತ್ತೀರಿ ಎಂದು ಹೇಳಿಬಿಡಿ. ನಮಗೆ ಯಾರೂ ಹೇಳಿರಲಿಲ್ಲ.

ಕೆಮ್ಮಿಗೆ ಔಷಧಿ ಜೀಪಿನಲ್ಲೇ ಇಟ್ಟುಕೊಂಡು ಹೋಗಿ.

ಇತಿ ಆ ಅಕ್ಕನ ತಂಗಿ,
ಚಿಲಕ


ಆಗಸ್ಟ್ ೨೦

ಮೂರನೇ ಮಹಡಿಯ ಮಹಾರಾಣಿ, ಸದ್ಯೋಜಾತ ಹದಿನೈದು ವರ್ಷದ ಬಾಲಕಿ, ಶ್ರೀಮದಕ್ಕಯ್ಯನವರಿಗೆ ಎರಡನೇ ಮಹಡಿಯಿಂದ ಸುಸ್ವಾಗತ.

ಹೊಸದಾಗಿ ಬಂದವರನ್ನು ವೈದ್ಯರು ನೋಡುವ ತನಕ ಬೇರೆ ಕೋಣೆಯಲ್ಲಿ ಇರಿಸುತ್ತಾರೆ. ಆದ್ದರಿಂದ ಇದನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ನಿನ್ನೆ ನೀನು ಜೀಪಿನಿಂದ ಇಳಿದದ್ದನ್ನು ಕಿಟಕಿಯಿಂದ ನೋಡಿದೆ. ನೀನು ಗೇಟಿನ ಅಗುಳಿಯನ್ನು ಮುಟ್ಟಿ, ಎಳೆದು, ಮತ್ತೆ ತಳ್ಳಿ ಪರೀಕ್ಷೆ ಮಾಡಿದೆ. ಕನ್ನಡಕದ ಮೇಡಂ ನಿನ್ನ ಹಿಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಅರ್ಧ ಖಾಲಿಯಾಗಿತ್ತು. ಯಾರು ಕುಡಿದರು ಎಂದು ನಾನು ಊಹಿಸಬಲ್ಲೆ.

ತಲೆ ಎತ್ತಿ ನನ್ನ ಕಡೆ ನೋಡಿದೆ. ಅದೇ ಹಲ್ಲು ಉದುರಿಸುವ ನೋಟ. ಆದರೆ ಅಳು ಬರುತ್ತಿತ್ತಾದ್ದರಿಂದ ಸರಿಯಾಗಿ ಕೂರಲಿಲ್ಲ. ನನಗೂ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡ.

ನಿನ್ನ ಮಂಚ ನನ್ನ ಪಕ್ಕದ್ದೇ. ದಿಂಬನ್ನು ಎರಡು ಸಲ ಬದಲಾಯಿಸಿ ಒಳ್ಳೆಯದನ್ನು ಇಟ್ಟಿದ್ದೇನೆ. ಮೇಷ್ಟ್ರಿಗೆ ನಿನ್ನ ಬಗ್ಗೆ ಹೇಳಿದ್ದೇನೆ. ನೀನು ನಾಲ್ಕನೇ ತರಗತಿಯ ಲೆಕ್ಕದಲ್ಲಿ ನಿಂತುಬಿಟ್ಟವಳು ಅಂದೆ. "ಇನ್ನೊಂದ್ಸಲ ಮಾಡ್ಲಿ," ಅಂದರು.

ಕೊನೆಯದಾಗಿ ಒಂದು ಸಣ್ಣ ವಿಷಯ. ನಾಳೆ ಬೆಳಿಗ್ಗೆ ನಿನ್ನನ್ನು ಊಟದ ಕೋಣೆಗೆ ಕರೆತರುತ್ತಾರೆ. ಅಲ್ಲಿ ಅಡುಗೆ ತಾತ ಇರುತ್ತಾರೆ. ದಯವಿಟ್ಟು ಅವರ ಕ್ಷಮೆ ಕೇಳಬೇಡ. ಅವರಿಗೆ ಏನೂ ಗೊತ್ತಿಲ್ಲ.

ವಿಚಾರಣೆ ನಡೆಯಲಿಲ್ಲ ಅಕ್ಕ. ದಪ್ಪ ಸಾಹೇಬರೂ ಇಲ್ಲ, ತೆಳ್ಳಗಿನವರೂ ಇಲ್ಲ. ಜುಲೈ ಒಂದರಂದು ನಾನೊಬ್ಬಳೇ ಬೀಗ ಕಟ್ಟಿಕೊಂಡು ಯಂತ್ರ ಹತ್ತಿದೆ. ಅವು ಲಂಗದೊಳಗೆ ಗಲಗಲ ಅಂದವು. ನರ್ಸಮ್ಮ ಮುಳ್ಳನ್ನು ನೋಡಲೇ ಇಲ್ಲ. "ಅದನ್ನ ಮೇಜಿನ ಮೇಲಿಟ್ಟು ಇನ್ನೊಂದ್ಸಲ ಹತ್ತು ಕಂದಾ," ಅಂದರು. ಅಷ್ಟೇ. ಚೆನ್ನಾಗಿದೆ ಬಾ ಎಂದು ಬರೆದರೆ ನೀನು ನಂಬುವವಳಲ್ಲ. ಯಾರನ್ನಾದರೂ ಬೈದರು ಎಂದರೆ ಮಾತ್ರ ನಂಬುತ್ತೀಯ. ಆದ್ದರಿಂದ ತಾತನನ್ನು ಬೈಸಿದೆ. ನಾನು ಬಂದ ದಿನವೇ ಎರಡು ಸಲ ಬಡಿಸಿಕೊಂಡು ತಿಂದಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ತಾತನ ಚೀಲದಲ್ಲಿ ಕೊಡೆ ಇರುವುದು ಮಾತ್ರ ನಿಜ.

ಚಿಲಕ